ದೇವರಿಗೆ ಬಿಟ್ಟ ಬಾಯ್ಲರು

ಇವರಿಗೆ,
ಮಾನ್ಯ ಪ್ರಧಾನ ವ್ಯವಸ್ಥಾಪಕರು,
ಭೀಮಬಾಷ್ಪ ಬಾಯ್ಲರ್ ಮತ್ತು ಪ್ರೆಷರ್ ವೆಸಲ್ ಕಾರ್ಖಾನೆ.

ಇವರಿಂದ,
ಓಬಳೇಶ್, ಎರಡನೇ ದರ್ಜೆ ಬಾಯ್ಲರ್ ಅಟೆಂಡೆಂಟ್,
ಮಹಿಳಾ ರೇಷ್ಮೆ ನೂಲು ಬಿಚ್ಚುವವರ ಸಂಘ,
ದೇವಸಮುದ್ರ, ಮೊಳಕಾಲ್ಮುರು ತಾಲ್ಲೂಕು.

ದಿನಾಂಕ: ೧೭ ಸೆಪ್ಟೆಂಬರ್ ೨೦೦೭

ವಿಷಯ: ಕೆಲಸದ ಸಂಖ್ಯೆ ೪೧೭, ನಿಂತ ಮಾದರಿಯ ಪುಟ್ಟ ಬಾಯ್ಲರ್ ಒಂದು, ಇನ್ನೂ ನಿಲ್ಲದೇ ಇರುವ ಬಗ್ಗೆ.
ಉಲ್ಲೇಖ: ತಮ್ಮ ಕ್ಷಮಾಪಣಾ ಪತ್ರಗಳು, ಒಂದರಿಂದ ಹದಿನಾರರವರೆಗೆ.

ಮಾನ್ಯರೇ,

ಕಬ್ಬಿಣವನ್ನು ಬಗ್ಗಿಸಿ, ನೀರನ್ನು ನಡುಗಿಸಿ, ದೇಶದ ಸಕ್ಕರೆ ಕಾರ್ಖಾನೆಗಳಿಗೂ ವಿದ್ಯುತ್ ಸ್ಥಾವರಗಳಿಗೂ ಉಸಿರು ಕೊಡುತ್ತಿರುವ ತಮಗೆ, ದೇವಸಮುದ್ರದ ಬಸ್ ನಿಲ್ದಾಣದ ಹಿಂದಿನ ಒಂದು ತಣ್ಣಗಿನ ಶೆಡ್ಡಿನಿಂದ ಹದಿನಾಲ್ಕು ಜನ ಹೆಂಗಸರೂ ಕೆಲಸವಿಲ್ಲದ ಒಬ್ಬ ಬಾಯ್ಲರ್ ಅಟೆಂಡೆಂಟನೂ ಕೂಡಿ ಸಲ್ಲಿಸುವ ನಮಸ್ಕಾರಗಳು. ತಾವು ಕ್ಷೇಮವಾಗಿರುವಿರೆಂದು ತಮ್ಮ ಹದಿನಾರನೆಯ ಪತ್ರದಿಂದ ತಿಳಿದು ಸಂತೋಷವಾಯಿತು. ಮೂಗು ಒರೆಸಿಕೊಳ್ಳಲೂ ಬಿಡುವಿಲ್ಲದಷ್ಟು ಕ್ಷೇಮ ಎಂಬುದೂ ಅದರಲ್ಲೇ ತಿಳಿಯಿತು. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಮನ್ನಿಸಬೇಕು. ಲಕೋಟೆಯಲ್ಲಿ ಕಳಿಸಿದ ನಮ್ಮ ಹಿಂದಿನ ಇಪ್ಪತ್ತೆರಡು ಪತ್ರಗಳಿಗೆ ತಮ್ಮಿಂದ ಬಂದ ಉತ್ತರಗಳೆಲ್ಲ ಒಂದೇ ಅಚ್ಚಿನವಾಗಿದ್ದುದರಿಂದ, ಪಾಪ, ಲಕೋಟೆ ಒಡೆಯುವುದಕ್ಕೂ ಅಲ್ಲಿ ಆಳಿಲ್ಲದಿರಬಹುದೆಂದು ಸಂಘದ ಕಾರ್ಯದರ್ಶಿ ಶಾಂತಕುಮಾರಿಯವರು ಅಭಿಪ್ರಾಯಪಟ್ಟರು. ಆದ್ದರಿಂದ ಈ ಸಲ ಒಡೆದೇ ಕಳಿಸುತ್ತಿದ್ದೇವೆ.

ತಮಗೆ ನಮ್ಮ ಗುರುತು ಇರಲಾರದು. ತಮ್ಮಲ್ಲಿಗೆ ಬರುವವರು ಗುಡ್ಡದಷ್ಟು ಬಾಯ್ಲರ್ ಕೇಳುವವರು. ನಾವು ಕೇಳಿದ್ದು ಹಿಟ್ಟಿನ ಗಿರಣಿಯ ಬಾಗಿಲಲ್ಲಿ ತೂರುವಂಥ ಒಂದನ್ನು. ಮೊಳಕಾಲ್ಮುರು ಸೀರೆಯ ಹೆಸರನ್ನು ತಾವಲ್ಲದಿದ್ದರೂ ತಮ್ಮ ಮನೆಯವರು ಕೇಳಿರುತ್ತಾರೆ. ಆ ಸೀರೆಯ ಎಳೆ ಮಗ್ಗಕ್ಕೆ ಹೋಗುವ ಮೊದಲು ಗೂಡಿನಿಂದ ಬಿಚ್ಚಬೇಕಲ್ಲ, ಆ ಕೆಲಸ ನಮ್ಮದು. ಹದಿನಾಲ್ಕು ಬೇಸಿನ್, ಬೇಸಿನ್ನಿಗೊಬ್ಬ ಹೆಂಗಸು, ಅಷ್ಟಕ್ಕೂ ಸುಡುಸುಡು ನೀರು ಕೊಡಲು ಒಂದು ಬಾಯ್ಲರು, ಬಾಯ್ಲರಿಗೆ ನಾನು. ಗೂಡು ಬೆಂದು ಮೆತ್ತಗಾದ ಮೇಲೆ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಬೇಕು, ಕಣ್ಣಿಗೆ ಅದು ಕಾಣುವುದಿಲ್ಲ. ನಾಲ್ಕನೇ ಬೇಸಿನ್ನಿನ ಸೂರಮ್ಮನವರು ಮೂವತ್ತೊಂದು ವರ್ಷ ಈ ಕೆಲಸ ಮಾಡಿದವರು. ಅವರು ನೀರಿಗೆ ಕೈ ಹಾಕಿ ತೆಗೆದರೆಂದರೆ ತುದಿ ಬೆರಳಿಗೆ ಅಂಟಿಕೊಂಡೇ ಬರುತ್ತಿತ್ತು. ತಮ್ಮ ಬಾಯ್ಲರ್ ಬಾರದೆ ಇದ್ದ ಈ ಎರಡೂವರೆ ವರ್ಷ ಅವರು ಒಂದು ಗೂಡನ್ನೂ ಬಿಚ್ಚಿಲ್ಲ. ಈ ಪತ್ರದಲ್ಲಿ ಮುಂದೆ ನಾನು ಏನೇನೋ ಬರೆಯಬಹುದು, ಆದರೆ ಇಡೀ ಪತ್ರ ಸೂರಮ್ಮನವರ ಕೈಯ ವಿಷಯ ಎಂಬುದನ್ನು ದಯವಿಟ್ಟು ಮರೆಯಬಾರದು.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಮ್ಮಲ್ಲಿ ಹಳೆಯ ಬಾಯ್ಲರ್ ಒಂದಿತ್ತು. ಚಳ್ಳಕೆರೆಯ ಎಣ್ಣೆ ಮಿಲ್ಲಿನವರೊಬ್ಬರು ದೊಡ್ಡದನ್ನು ಕೂಡಿಸಿಕೊಂಡಾಗ ಬಿಟ್ಟುಕೊಟ್ಟಿದ್ದು; ಸೂರಮ್ಮನವರು ಕೆಲಸಕ್ಕೆ ಸೇರಿದ ವಾರವೇ ಅದೂ ಎತ್ತಿನ ಗಾಡಿಯಲ್ಲಿ ಬಂದಿತ್ತಂತೆ. ಬೆಳಗಾದರೆ ಗೊಣಗುತ್ತ, ಕೆಮ್ಮುತ್ತ, ಎಲ್ಲರಿಗಿಂತ ಮೊದಲು ಬಿಸಿಯಾಗುತ್ತಿದ್ದ ಅದನ್ನು ಹೆಂಗಸರು ದೊಡ್ಡಪ್ಪ ಎಂದು ಕರೆಯುತ್ತಿದ್ದರು. ವರ್ಷಕ್ಕೊಮ್ಮೆ ಬರುವ ಇನ್ಸ್‌ಪೆಕ್ಟರ್ ಸಾಹೇಬರು ಸುತ್ತಿಗೆಯಲ್ಲಿ ತಟ್ಟಿ, ಏಳು ಕೆ.ಜಿ. ಇದ್ದ ಒತ್ತಡವನ್ನು ಐದಕ್ಕೂ ಐದನ್ನು ಮೂರೂವರೆಗೂ ಇಳಿಸಿ, ಇನ್ನೊಂದೆರಡು ವರ್ಷ ನಡೆಯಬಹುದು, ಹೊಸದನ್ನು ನೋಡಿಕೊಳ್ಳಿ ಎಂದು ಹೇಳಿದ್ದರು. ಅದರಂತೆ ತಮಗೆ ಬರೆದೆವು. ತಾವು ನೇರಳೆ ಬಣ್ಣದ ಗುಂಡು ಮುದ್ರೆ ಹಾಕಿ, ೧೫ ಮಾರ್ಚ್ ೨೦೦೫ರಂದು ತಪ್ಪದೆ ರವಾನೆ ಎಂದು ಉತ್ತರ ಕೊಟ್ಟಿರಿ. ನಮ್ಮ ಕಡೆ ಗುಂಡು ಮುದ್ರೆ ಬಿದ್ದ ಕಾಗದ ಎಂದರೆ ಮುಗಿಯಿತು, ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ. ಹಾಗೇ ಮಾಡಿದೆವು.

ಆಗ ದೊಡ್ಡಪ್ಪನನ್ನು ಏನು ಮಾಡುವುದೆಂಬ ಮಾತು ಬಂತು. ಬಾಯ್ಲರಿಗೆ ಸೌದೆಯನ್ನೂ ಶೇಂಗಾ ಹೊಟ್ಟನ್ನೂ ಹಾಕುತ್ತಿದ್ದ ಚಿನ್ನಯ್ಯ ಎಂಬ ಹಿರಿಯರು ನನ್ನಿವಾಳದ ಕಡೆಯವರು, ದೇವರ ಎತ್ತುಗಳನ್ನು ಕಾಯುವ ಕಿಲಾರಿ ಮನೆತನದವರು. ತಮ್ಮ ಊರಿನಲ್ಲಿ ಈ ಪದ್ಧತಿ ಇದೆಯೋ ಇಲ್ಲವೋ ತಿಳಿಯದು; ನಮ್ಮಲ್ಲಿ ಒಂದು ಹೋರಿಯನ್ನು ದೇವರಿಗೆ ಬಿಟ್ಟರೆ ಅದರ ಹೆಗಲಿಗೆ ನೊಗ ಇಡುವಂತಿಲ್ಲ, ಮಾರುವಂತಿಲ್ಲ, ಗದರುವಂತೆಯೂ ಇಲ್ಲ. ಸತ್ತರೆ ಮನೆಯ ಹಿರಿಯರಿಗೆ ಮಾಡಿದಂತೆ ಮಣ್ಣು ಮಾಡುತ್ತೇವೆ. ಗುಜರಿಯವನು ತಕ್ಕಡಿ ತಂದಿದ್ದ ದಿನ ಚಿನ್ನಯ್ಯನವರು ಬಾಯ್ಲರಿಗೆ ಒರಗಿ ನಿಂತು, "ಮೂವತ್ತೊರ್ಷ ಬೆಂಕಿ ತಿಂದು ಹದಿನಾಲ್ಕು ಮನೆಗೆ ಮುದ್ದೆ ಹಾಕೈತೆ. ಇದನ್ನ ತೂಕಕ್ಕೆ ಹಾಕ್ತೀರೇನ್ರಮ್ಮಾ? ಹೆಂಗೂ ಹೊಸದು ಬರ್ತೈತೆ, ದೇವ್ರಿಗೆ ಬಿಟ್ಬಿಡ್ರಿ" ಅಂದರು. ಹದಿನಾಲ್ಕು ಜನರೂ ಒಂದೇ ಬಾಯಲ್ಲಿ ಹೂಂ ಅಂದರು, ನಾನೂ ಅಂದೆ, ಗುಜರಿಯವನೂ ಕೈ ಮುಗಿದು ತಕ್ಕಡಿ ಎತ್ತಿಕೊಂಡು ಹೋದ.

ಮಾರ್ಚ್ ಹದಿಮೂರರಂದು, ತಮ್ಮ ಮುದ್ರೆಯ ದಿನಕ್ಕೆ ಎರಡು ದಿನ ಮೊದಲು, ದೊಡ್ಡಪ್ಪನ ಬೋಲ್ಟ್ ಬಿಚ್ಚಿ, ಮರದ ದಿಮ್ಮಿಗಳ ಮೇಲೆ ಉರುಳಿಸಿಕೊಂಡು ಬೇವಿನ ಮರದ ಕೆಳಗೆ ನಿಲ್ಲಿಸಿ, ಅರಿಶಿನ ಬಳಿದು, ಸ್ಟೀಮ್ ವಾಲ್ವಿಗೆ ಗಂಟೆ ಕಟ್ಟಿ, ಇನ್ನು ಮುಂದೆ ಇದರ ಹೊಟ್ಟೆಗೆ ಬೆಂಕಿ ಇಡುವುದಿಲ್ಲವೆಂದು ಎಲ್ಲರೂ ಮುಟ್ಟಿ ಹೇಳಿದೆವು. ಹದಿನೈದನೇ ತಾರೀಖು ಶೆಡ್ಡಿನ ಮುಂದೆ ತೋರಣ ಕಟ್ಟಿ ಲಾರಿಗೆ ಕಾದೆವು. ಬಳ್ಳಾರಿ ಕಡೆಯಿಂದ ಬಂದ ಪ್ರತಿ ಲಾರಿಗೂ ಹೆಂಗಸರು ಎದ್ದು ನಿಂತರು. ಸಂಜೆಗೆ ಬಂದದ್ದು ತಮ್ಮ ಮೊದಲನೆಯ ಕ್ಷಮಾಪಣಾ ಪತ್ರ, ಅಂಚೆಯ ಚಿಕ್ಕೀರಪ್ಪನವರ ಸೈಕಲ್ ಮೇಲೆ.

ಅದರಲ್ಲಿ ತಾವು, ಅಭೂತಪೂರ್ವ ಬೇಡಿಕೆಯ ಕಾರಣ ತಮ್ಮ ಉತ್ಪಾದನಾ ಸಾಮರ್ಥ್ಯದ ಮೇಲೆ ಒತ್ತಡ ಹೆಚ್ಚಿದೆಯೆಂದೂ, ಉಕ್ಕಿನ ತಗಡು ಸಿಗುತ್ತಿಲ್ಲವೆಂದೂ, ವೆಲ್ಡಿಂಗ್ ಪರೀಕ್ಷೆ ಪಾಸಾದವರೆಲ್ಲ ಗಲ್ಫ್ ದೇಶಗಳಿಗೆ ಹಾರಿಹೋದರೆಂದೂ, ಆದ್ದರಿಂದ ನಮ್ಮ ಬಾಯ್ಲರ್ ಇನ್ನು ಮೂವತ್ತನಾಲ್ಕು ವಾರಗಳಲ್ಲಿ ತಲುಪುವುದೆಂದೂ ಬರೆದಿದ್ದಿರಿ. ತಮ್ಮ ಒತ್ತಡದ ಸುದ್ದಿ ಓದಿ ನನಗೆ ನಿಜಕ್ಕೂ ಕಳವಳವಾಯಿತು, ಯಾಕೆಂದರೆ ಒತ್ತಡ ಏರಿದರೆ ಏನು ಮಾಡಬೇಕೆಂದು ಕಲಿತು ಸರ್ಟಿಫಿಕೇಟ್ ತೆಗೆದುಕೊಂಡವನು ನಾನು. ತಮ್ಮ ಕಾರ್ಖಾನೆಯ ಚಾವಣಿಗೂ ಒಂದು ಸೇಫ್ಟಿ ವಾಲ್ವ್ ಕೂಡಿಸಿಕೊಳ್ಳಿ ಎಂದು ಆಗಲೇ ಬರೆದಿದ್ದೆ. ಅದಕ್ಕೂ ಮೂವತ್ತನಾಲ್ಕು ವಾರ ಎಂದೇ ಉತ್ತರ ಬಂತು. ಆಮೇಲಿನ ಹದಿನೈದು ಪತ್ರಗಳಲ್ಲೂ ಮೂವತ್ತನಾಲ್ಕು ವಾರವೇ ಇದೆ. ಲೋಕದಲ್ಲಿ ಸೀಮೆಎಣ್ಣೆಯ ದರ ಬದಲಾಯಿತು, ಸರ್ಕಾರ ಬದಲಾಯಿತು, ಶಾಂತಕುಮಾರಿಯವರ ಕನ್ನಡಕದ ನಂಬರ್ ಎರಡು ಸಲ ಬದಲಾಯಿತು. ಇಷ್ಟರ ನಡುವೆ ಕೊಟ್ಟ ಮಾತನ್ನು ಒಂದು ವಾರವೂ ಆಚೀಚೆ ಮಾಡದೆ ನಿಂತವರು ತಾವೊಬ್ಬರೇ.

ಆ ಮಾರ್ಚಿನಲ್ಲಿ ತಮ್ಮನ್ನು ನಂಬಿ ಗೂಡನ್ನೂ ತಂದು ಇಟ್ಟಿದ್ದೆವು. ಹಬೆ ತೋರಿಸದಿದ್ದರೆ ಗೂಡಿನೊಳಗಿನ ಹುಳು ಯಾರನ್ನೂ ಕೇಳುವುದಿಲ್ಲ, ತನ್ನ ದಿನ ಬಂದಾಗ ಚಿಟ್ಟೆಯಾಗಿ ಗೂಡು ಕೊರೆದು ಹೊರಗೆ ಬರುತ್ತದೆ. ಆರನೇ ದಿನ ಶೆಡ್ಡಿನ ಬಾಗಿಲು ತೆರೆದರೆ ಬೇಸಿನ್, ಗೋಡೆ, ತೋರಣ, ತಮ್ಮ ಚೌಕಟ್ಟು ಹಾಕಿದ ಪತ್ರ, ಎಲ್ಲದರ ಮೇಲೂ ಬಿಳಿ ಚಿಟ್ಟೆಗಳು ಕೂತಿದ್ದವು. ನಮ್ಮ ಜೀವಮಾನದಲ್ಲಿ ನಮ್ಮ ಶೆಡ್ಡಿನಿಂದ ಒಂದು ಹುಳುವೂ ಜೀವಂತ ಹೊರಗೆ ಹೋಗಿರಲಿಲ್ಲ. ಆ ಪುಣ್ಯದಲ್ಲಿ ದೊಡ್ಡ ಪಾಲು ತಮ್ಮದೇ.

ಇನ್ನು ಪಾಯದ ವಿಷಯ. ತಾವು ಕಳಿಸಿದ ನಕ್ಷೆಯಂತೆ ಪಾಯ ಹಾಕಬೇಕೆಂದು ತಮ್ಮ ಆಜ್ಞೆಯಾಗಿತ್ತು. ನಕ್ಷೆಯಲ್ಲಿ ನಲವತ್ತೆರಡು ಅಡಿ ಉದ್ದ, ಹದಿನೆಂಟು ಅಡಿ ಅಗಲ ಎಂದಿತ್ತು. ಹೆಂಗಸರ ಎದೆಯೆತ್ತರದ ಬಾಯ್ಲರಿಗೆ ಇಷ್ಟು ಪಾಯ ಯಾಕೆಂದು ನನಗೆ ಒಂದು ಕ್ಷಣ ಅನ್ನಿಸಿದ್ದು ನಿಜ, ಆದರೆ ದೊಡ್ಡ ಕಂಪನಿಯವರ ಕೈ ದೊಡ್ಡದು ಎಂದು ಸಮಾಧಾನ ಮಾಡಿಕೊಂಡೆ. ಶೆಡ್ಡಿನ ಹಿಂದಿನ ಗೋಡೆ ಕೆಡವಿ ಊರವರೆಲ್ಲ ಸೇರಿ ಪಾಯ ಹಾಕಿದೆವು. ಈಗ ಅದು ನಮ್ಮ ಹೋಬಳಿಯಲ್ಲೇ ಅತ್ಯುತ್ತಮ ಕಣ. ಶೇಂಗಾ ಒಣಗಿಸಲು ಮೂರು ಹಳ್ಳಿಯವರು ಸರದಿ ಹಚ್ಚುತ್ತಾರೆ. ಎಲ್ಲೋ ಒಂದು ಸಕ್ಕರೆ ಕಾರ್ಖಾನೆಯವರು ನಮ್ಮ ನಕ್ಷೆಯಂತೆ ಮೂರೂವರೆ ಅಡಿ ಚೌಕದ ಪಾಯ ಹಾಕಿಕೊಂಡು, ಅದರ ಮೇಲೆ ಎಪ್ಪತ್ತು ಟನ್ನಿನ ಬಾಯ್ಲರನ್ನು ಒಂಟಿ ಕಾಲಿನಲ್ಲಿ ನಿಲ್ಲಿಸಿ, ಯಾರೂ ಸೀನಬೇಡಿ ಎಂದು ಕೂತಿರಬಹುದು. ಬಿಡುವಾದಾಗ ವಿಚಾರಿಸಿ ನೋಡಬೇಕಾಗಿ ವಿನಂತಿ.

ಏಳು ತಿಂಗಳಾದ ಮೇಲೆ ನಾನು ನಾಚಿಕೆ ಬಿಟ್ಟು ಚಿನ್ನಯ್ಯನವರ ಹತ್ತಿರ ಹೋಗಿ, ಹೊಸದು ಬರುವವರೆಗೆ ದೊಡ್ಡಪ್ಪನಿಗೆ ನಾಲ್ಕು ಕಟ್ಟು ಸೌದೆ ಹಾಕೋಣವೇ ಎಂದು ಕೇಳಿದೆ. ಅವರು ಎಲೆಯಡಿಕೆ ಉಗುಳಿ, "ಬಿಟ್ಟ ಎತ್ತಿನ ಹೆಗಲಿಗೆ ಮತ್ತೆ ನೊಗ ಇಡ್ತೀಯೇನಲೇ ಓಬಳೇಶ? ಹೊಸದು ಕಳಿಸ್ತೀನಿ ಅಂದೋನ ಕೇಳೋಗು" ಅಂದರು. ಅಷ್ಟು ಹೊತ್ತಿಗೆ ದೊಡ್ಡಪ್ಪನ ದೆಸೆ ನಮ್ಮೆಲ್ಲರಿಗಿಂತ ಚೆನ್ನಾಗಿತ್ತು. ಹಾಲು ತರುವವರು ತಂದರು, ನಿಂಬೆಹಣ್ಣು ಹಿಂಡುವವರು ಹಿಂಡಿದರು, ತಮ್ಮಂಥ ಕಂಪನಿಗಳ ಮುಂದೆ ಸರದಿಯಲ್ಲಿರುವ ಅಕ್ಕಿ ಗಿರಣಿಯವರು, ಎಣ್ಣೆ ಮಿಲ್ಲಿನವರು ದೂರದಿಂದ ಬಂದು, ನಮ್ಮದು ಬೇಗ ಬರಲಿ ಎಂದು ಪ್ರೆಷರ್ ಗೇಜಿಗೆ ದಾರ ಕಟ್ಟಿಹೋದರು. ಬಸ್ಸಿನ ಕಂಡಕ್ಟರ್ ನಮ್ಮ ನಿಲ್ದಾಣಕ್ಕೆ ದೊಡ್ಡಪ್ಪನ ಗೇಟ್ ಎಂದೇ ಸೀಟಿ ಊದುತ್ತಾನೆ. ಕಡೆಗೆ ಇನ್ಸ್‌ಪೆಕ್ಟರ್ ಸಾಹೇಬರನ್ನು ಕರೆಸಿದೆ. ಕಾನೂನು ಒಪ್ಪಿತೆಂದರೆ ದೇವರನ್ನೂ ಹೇಗಾದರೂ ಒಪ್ಪಿಸಬಹುದೆಂಬ ದೂರದ ಆಸೆ. ಅವರು ಚಪ್ಪಲಿ ಬಿಟ್ಟು ಹತ್ತಿರ ಹೋಗಿ ಮೆಲ್ಲಗೆ ತಟ್ಟಿದರು. ಸುತ್ತಿಗೆ ಒಳಗೆ ಹೋಯಿತು. ಹಾಲು ಮತ್ತು ನಿಂಬೆಹಣ್ಣು ಏಳು ತಿಂಗಳಲ್ಲಿ ಮಾಡಿದ್ದನ್ನು ಬೆಂಕಿ ಮೂವತ್ತೊಂದು ವರ್ಷದಲ್ಲಿ ಮಾಡಿರಲಿಲ್ಲ. ಶೆಡ್ಡಿನಲ್ಲೇ ಇದ್ದಿದ್ದರೆ ಇನ್ನೊಂದು ವರ್ಷ ಕೊಡುತ್ತಿದ್ದೆನಪ್ಪ ಎಂದು ಸಾಹೇಬರು ಬೇಸರದಿಂದ ಹೇಳಿ, ಕೈ ಮುಗಿದು, ಚಪ್ಪಲಿ ಹಾಕಿಕೊಂಡು ಹೋದರು.

ಆದ್ದರಿಂದ ಈ ಏಪ್ರಿಲ್‌ನಲ್ಲಿ, ಎರಡು ರೈಲು ಬದಲಿಸಿ, ನಾನೇ ತಮ್ಮ ಕಾರ್ಖಾನೆಯ ದರ್ಶನಕ್ಕೆ ಬಂದೆ. ತಾವು ಅಂದು ಮೀಟಿಂಗಿನಲ್ಲಿದ್ದಿರಿ. ತಮ್ಮ ಅಂಗಳವನ್ನು ಕಂಡು ನನ್ನ ಬಾಯಿ ಮುಚ್ಚಲಿಲ್ಲ. ಒಂದು ಪಾತ್ರೆಯೊಳಗೆ ನಮ್ಮ ದೇವಸಮುದ್ರದ ಬಸ್ಸು ಜನರನ್ನು ತಲೆಯ ಮೇಲೆ ಹೊತ್ತುಕೊಂಡೇ ತಿರುಗಿಕೊಳ್ಳಬಹುದಿತ್ತು. ನಮ್ಮ ಕೆಲಸದ ಸಂಖ್ಯೆ ೪೧೭ ಎಲ್ಲಿದೆಯೆಂದು ಕೇಳುತ್ತ ಹೋದರೆ ಗೇಟಿನ ಹತ್ತಿರ ಸಿಕ್ಕಿತು. ಸುತ್ತಿದ ತಗಡು, ಮೇಲಿಲ್ಲ, ಕೆಳಗಿಲ್ಲ. ಕಾವಲುಗಾರರು ಅದನ್ನು ಅಡ್ಡ ಮಲಗಿಸಿ ಒಳಗೆ ತಮ್ಮ ಸೈಕಲ್ಲನ್ನೂ ಊಟದ ಡಬ್ಬಿಯನ್ನೂ ಇಟ್ಟುಕೊಂಡಿದ್ದರು. ಮುಚ್ಚಳ ಎಲ್ಲಿ ಎಂದರೆ, ಒಂದು ಡಿಸ್ಟಿಲರಿಯವರಿಗೆ ತುರ್ತಿತ್ತು, ಅವರಿಗೆ ಹಾಕಿದೆವು ಎಂದು ಗುಮಾಸ್ತರು ಹೇಳಿದರು. ನಾನು ತಗಡಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತೆ. ನಮ್ಮದೇ ಅಲ್ಲವೇ, ಬಿಸಿಲಿಗೆ ಬೆಚ್ಚಗಾಗಿತ್ತು.

ಗುಮಾಸ್ತರು ಒಳ್ಳೆಯವರು. ಕುರ್ಚಿ ಕೊಟ್ಟು, ಚಹಾ ಕೊಟ್ಟು, ನನ್ನ ಸರ್ಟಿಫಿಕೇಟನ್ನು ತಿರುಗಿಸಿ ತಿರುಗಿಸಿ ನೋಡಿ, ನಮ್ಮಲ್ಲಿ ಆಳಿಲ್ಲ, ಒಂದಷ್ಟು ದಿನ ಗ್ರೈಂಡಿಂಗ್ ಮಾಡಿಕೊಟ್ಟರೆ ನಿಮ್ಮ ಸರದಿಯೂ ಮುಂದೆ ಸರಿದೀತು ಎಂದರು. ನೀಲಿ ಅಂಗಿ ತೊಟ್ಟು ಒಳಗೆ ಹೋಗುತ್ತೇನೆ, ಎದುರಿಗೆ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮಾಲೀಕ ಗಂಗರಾಜಣ್ಣ. ನಮ್ಮ ಕಡೆ ಅವರು ಕಾರಿನಿಂದ ಇಳಿದರೆ ನಾಲ್ಕು ಜನ ಎದ್ದು ನಿಲ್ಲುತ್ತಾರೆ. "ಏನಣ್ಣ, ನೀವಿಲ್ಲಿ?" ಎಂದೆ. "ಬಾಯ್ಲರ್ ಕೇಳಾಕ್ ಬಂದೆ ಕಣೋ, ಗ್ರೈಂಡಿಂಗ್ ಕೊಟ್ರು. ಇವತ್ತಿಗೆ ನಲವತ್ಮೂರು ದಿನ" ಎಂದು ಹೇಳಿ, ಬೆವರು ಒರೆಸಿಕೊಂಡು, ಒಂದು ಗೊಬ್ಬರದ ಕಾರ್ಖಾನೆಯ ಡ್ರಮ್ಮಿನ ಅಂಚು ಉಜ್ಜುವುದನ್ನು ಮುಂದುವರಿಸಿದರು. ಸುತ್ತ ನೋಡಿದರೆ ಅರ್ಧಕ್ಕರ್ಧ ಜನ ಗಿರಾಕಿಗಳೇ. ಒಬ್ಬರು ಡೈರಿಯ ಮ್ಯಾನೇಜರು, ಒಬ್ಬರು ಅಕ್ಕಿ ಗಿರಣಿಯವರು, ಮೂಲೆಯಲ್ಲಿ ತಗಡು ಎತ್ತುತ್ತಿದ್ದವರು ಯಾವುದೋ ಆಸ್ಪತ್ರೆಯ ಲಾಂಡ್ರಿಯವರು. ಎಲ್ಲರಿಗೂ ಒಂದೇ ನಿಯಮ: ಯಾರೂ ತಮ್ಮ ಸ್ವಂತ ಬಾಯ್ಲರನ್ನು ಮುಟ್ಟುವಂತಿಲ್ಲ, ಮುಟ್ಟಿದರೆ ನಕ್ಷೆಯಲ್ಲಿರುವುದಕ್ಕಿಂತ ಹೆಚ್ಚು ಅಕ್ಕರೆ ತೋರಿಸಿ ಸಮಯ ಹಾಳು ಮಾಡುತ್ತಾರೆಂದು ಗುಣಮಟ್ಟ ವಿಭಾಗದವರ ಅಪ್ಪಣೆ. ನಾನು ಹನ್ನೊಂದು ದಿನ ಒಂದು ಸಕ್ಕರೆ ಕಾರ್ಖಾನೆಯ ಡ್ರಮ್ಮನ್ನು ಉಜ್ಜಿ, ಊರಿಗೆ ಬಂದೆ. ಬರುವ ದಿನ ಗೇಟಿನಲ್ಲಿ ನೋಡಿದೆ: ನಮ್ಮ ೪೧೭ರಲ್ಲಿ ಸೈಕಲ್ಲುಗಳು ಎರಡಾಗಿದ್ದವು.

ಈಗ ಸೂರಮ್ಮನವರ ಕೈಯ ವಿಷಯಕ್ಕೆ ಬರುತ್ತೇನೆ. ಉಳಿದ ಹದಿಮೂರು ಜನ ಶೇಂಗಾ ಕೀಳಲು, ಇಟ್ಟಿಗೆ ಹೊರಲು, ಕಂಡಲ್ಲಿಗೆ ಹೋಗುತ್ತಿದ್ದಾರೆ. ಸೂರಮ್ಮನವರು ದಿನವೂ ಒಂಬತ್ತು ಗಂಟೆಗೆ ಶೆಡ್ಡಿಗೆ ಬಂದು, ನಾಲ್ಕನೇ ಬೇಸಿನ್ನಿನ ಧೂಳು ಒರೆಸಿ, ಅದರ ಮುಂದೆ ಕೂತು, ಐದಕ್ಕೆ ಎದ್ದು ಹೋಗುತ್ತಾರೆ. ಮೂವತ್ತೊಂದು ವರ್ಷ ಬಿಸಿನೀರಿನಲ್ಲಿ ಅದ್ದಿದ ಅವರ ಬೆರಳ ತುದಿಗಳು ಬಿಳಿಚಿ, ಒರಟಾಗಿ, ಅಲ್ಲಲ್ಲಿ ಸೀಳು ಬಿಟ್ಟು, ಖಾರದ ಸಾರಿನಲ್ಲಿ ಮುದ್ದೆ ಅದ್ದಿದರೆ ಉರಿಯುತ್ತಿದ್ದವು. ಕಳೆದ ವರ್ಷ ಒಂದು ದಿನ ಅವರ ಮೊಮ್ಮಗಳು ಪವಿತ್ರ ಕೈ ಹಿಡಿದುಕೊಂಡು, "ಅಜ್ಜಿ, ನಿನ್ ಕೈ ಎಷ್ಟ್ ಮೆತ್ತಗಾಗೈತೆ" ಅಂದಳಂತೆ. ನೋಡಿದರೆ ಹೌದು, ಹತ್ತೂ ಬೆರಳಿಗೆ ಹೊಸ ಚರ್ಮ ಬಂದಿತ್ತು. ಮನೆಯವರೆಲ್ಲ ಸಂತೋಷಪಟ್ಟರು. ಸೂರಮ್ಮನವರು ಅವತ್ತು ಊಟ ಮಾಡಲಿಲ್ಲ.

ಮಾರನೆಯ ಬೆಳಗಿನಿಂದ ಅವರು ಶೆಡ್ಡಿನಲ್ಲೇ ಒಲೆ ಹೂಡಿ ಒಂದು ಪಾತ್ರೆ ನೀರು ಕಾಯಿಸಿ, ಬೆರಳು ಅದ್ದಿ ಅದ್ದಿ ತೆಗೆಯುತ್ತಿದ್ದಾರೆ. ಮೊದಲು ಉಗುರು ಬೆಚ್ಚಗೆ, ಆಮೇಲೆ ಇನ್ನಷ್ಟು, ಆಮೇಲೆ ಇನ್ನಷ್ಟು. ನಾನು ನೋಡಿ, ಇದ್ಯಾಕಮ್ಮ ಸುಟ್ಟುಕೊಳ್ಳುತ್ತೀರಿ ಎಂದು ಗದರಿದೆ. ಅವರು ಕೈ ತೆಗೆಯದೆ, "ಬಾಯ್ಲರು ಇವತ್ತೋ ನಾಳೆನೋ ಬರ್ತೈತಲ್ಲಪ್ಪ. ಬಂದ್ ದಿನ ಕೈ ಸುಡ್ತೈತೆ ಅಂತ ಎದ್ದು ಹೋಗಾಕಾಗ್ತೈತಾ? ಕೈ ಮರೀಬಾರ್ದು" ಅಂದರು. ನಾನು ಬಾಯ್ಲರಿನ ಹಿಂದೆ ಹೋಗಿ ಅಳೋಣವೆಂದರೆ ಶೆಡ್ಡಿನಲ್ಲಿ ಬಾಯ್ಲರೂ ಇರಲಿಲ್ಲ. ಅವರ ಎದುರಿಗೇ ಅತ್ತೆ. ಎರಡೂವರೆ ವರ್ಷ ತಮ್ಮ ಮೇಲೆ ಬಂದ ಸಿಟ್ಟೆಲ್ಲ ಒಂದು ತೂಕ, ಆ ಬೆಳಗಿನದೇ ಒಂದು ತೂಕ.

ಮಾನ್ಯರೇ, ನಾವು ಹಠಮಾರಿಗಳಲ್ಲ. ಬಾಯ್ಲರನ್ನು ಕಳಿಸಲಾಗದಿದ್ದರೆ ಅದರ ಹಬೆಯನ್ನಾದರೂ ಕಳಿಸಿ. ಚಳ್ಳಕೆರೆಯಿಂದ ಎಣ್ಣೆ ಒಯ್ದ ಟ್ಯಾಂಕರುಗಳು ತಮ್ಮ ಕಡೆಯಿಂದ ಖಾಲಿ ಬರುತ್ತವೆ, ಬಿಸಿ ಆರದಂತೆ ಕಂಬಳಿ ಸುತ್ತಿಕೊಂಡು ಬನ್ನಿರೆಂದು ಡ್ರೈವರುಗಳಿಗೆ ನಾವೇ ಹೇಳುತ್ತೇವೆ. ಅದೂ ಆಗದಿದ್ದರೆ ಸೀಟಿಯನ್ನು ಮಾತ್ರ ಕಳಿಸಿ, ಒಂಬತ್ತಕ್ಕೂ ಐದಕ್ಕೂ ಬಾಯಲ್ಲೇ ಊದುತ್ತೇನೆ. ದೇಶದ ಕಬ್ಬಿಗೆ ಒಂದು ವರ್ಷ ನಿಧಾನವಾಗಿ ಬೆಳೆಯಲು ಹೇಳಿ, ವಿದ್ಯುತ್ ಸ್ಥಾವರಗಳವರಿಗೆ ಒಂದು ವಾರ ಲಾಟೀನು ಹಚ್ಚಿಕೊಳ್ಳಲು ಹೇಳಿ, ಕುಡಿಯುವವರಿಗೆ ಒಂದು ಮಂಗಳವಾರ ಬಿಡಲು ಹೇಳಿ ಆ ಡಿಸ್ಟಿಲರಿಯಿಂದ ನಮ್ಮ ಮುಚ್ಚಳವನ್ನು ಕೇಳಿ ತನ್ನಿ. ಇವು ಯಾವುವೂ ಆಗುವುದಿಲ್ಲವೆಂದು ನಮಗೂ ಗೊತ್ತು.

ಆದ್ದರಿಂದ ಆಗುವಂಥದ್ದನ್ನು ಸಂಘವು ಮೊನ್ನೆ ಗುರುವಾರ ತೀರ್ಮಾನ ಮಾಡಿದೆ. ತಮ್ಮ ಹದಿನಾರನೆಯ ಪತ್ರವನ್ನು ನಾನು ಗಟ್ಟಿಯಾಗಿ ಓದಿ ಹೇಳಿದೆ. ಸರದಿ ಬಹಳ ಜಟಿಲವಾಗಿದೆ, ಮೊದಲು ಯಾವುದು ಕೊನೆ ಯಾವುದು ಹೇಳಲು ಬಾರದು ಎಂದು ಅದರಲ್ಲಿ ತಾವೇ ಬರೆದಿದ್ದಿರಲ್ಲ, ಆ ಸಾಲು ಬಂದಾಗ ಸೂರಮ್ಮನವರು ತಲೆ ಎತ್ತಿದರು. "ಎಷ್ಟ್ ಸಿಕ್ಕಾಗಿದ್ರೂ ತುದಿ ಒಂದು ಇದ್ದೇ ಇರ್ತೈತೆ, ಕಾಣಾಕಿಲ್ಲ ಅಷ್ಟೇ. ಬಿಸಿನೀರಿಗೆ ಕೈ ಹಾಕ್ಬೇಕು. ಓಬಳೇಶ, ನನ್ನ ಅಲ್ಲಿಗೆ ಕರ್ಕಂಡೋಗು" ಅಂದರು. ಯಾರೂ ನಗಲಿಲ್ಲ. ಸ್ವಂತ ಬಾಯ್ಲರನ್ನು ಮುಟ್ಟಬಾರದೆಂಬ ತಮ್ಮ ನಿಯಮ ಅಡ್ಡ ಬರುತ್ತದಲ್ಲ ಎಂದು ನಾನು ಜ್ಞಾಪಿಸಿದೆ. ಅದಕ್ಕೆ ಚಿನ್ನಯ್ಯನವರು, "ಮುಯ್ಯಾಳು ಹೋದ್ರಾಯ್ತಲ್ಲೋ" ಅಂದರು. ಮುಯ್ಯಾಳು ಎಂದರೆ, ಇವತ್ತು ನಿನ್ನ ಹೊಲಕ್ಕೆ ನಾನು ಬಂದು ಕಳೆ ತೆಗೆಯುವುದು, ನಾಳೆ ನನ್ನ ಹೊಲಕ್ಕೆ ನೀನು ಬರುವುದು; ಕೂಲಿಯ ಮಾತಿಲ್ಲ. ನಮ್ಮ ಬಾಯ್ಲರನ್ನು ನಾವು ಮುಟ್ಟುವುದಿಲ್ಲ. ಹದಿನಾಲ್ಕು ಜನ ಹೆಂಗಸರೂ ನಾನೂ ಗಂಗರಾಜಣ್ಣನ ಬಾಯ್ಲರನ್ನು ಮಾಡುತ್ತೇವೆ, ಗಂಗರಾಜಣ್ಣ ಮತ್ತು ಅವರ ಕಡೆಯವರು ನಮ್ಮದನ್ನು ಮಾಡುತ್ತಾರೆ. ಅವರು ಇನ್ನೂ ಅಲ್ಲೇ ಇದ್ದಾರೆ. ಫೋನ್ ಮಾಡಿ ಕೇಳಿದ್ದಕ್ಕೆ, ಬರುವಾಗ ಮನೆಯಿಂದ ಶೇಂಗಾ ಚಟ್ನಿಪುಡಿ ತಗೊಂಡು ಬಾ ಎಂದಷ್ಟೇ ಹೇಳಿದರು. ತಮ್ಮ ಗುಣಮಟ್ಟ ವಿಭಾಗದ ನಿಯಮದಲ್ಲಿ ಮುಯ್ಯಾಳಿನ ಬಗ್ಗೆ ಒಂದು ಅಕ್ಷರವೂ ಇಲ್ಲವೆಂದು ಗೋಡೆಯ ಮೇಲೆ ಅಂಟಿಸಿದ್ದನ್ನು ನಾನೇ ಓದಿಕೊಂಡು ಬಂದಿದ್ದೇನೆ.

ಅಕ್ಟೋಬರ್ ಒಂದನೇ ತಾರೀಖು, ಸೋಮವಾರ ಬೆಳಿಗ್ಗೆ, ತಮ್ಮ ಗೇಟಿನ ಮುಂದೆ ಇರುತ್ತೇವೆ. ರೊಟ್ಟಿ ಕಟ್ಟಿಕೊಂಡು ಬರುತ್ತೇವೆ, ಮಲಗಲು ೪೧೭ರ ಒಳಗೆ ಮೂರು ಜನಕ್ಕೆ ಜಾಗವಿದೆ, ಸೈಕಲ್ಲುಗಳನ್ನು ಮಾತ್ರ ತೆಗೆಸಿಡಿ. ಹೆಂಗಸರು ವೆಲ್ಡಿಂಗ್ ಅರಿಯರು ಎಂದು ತಾವು ಯೋಚಿಸಬಹುದು. ಕೂದಲಿಗಿಂತ ಸಣ್ಣ ಎಳೆಗೆ ಇನ್ನೊಂದು ಎಳೆಯನ್ನು ಓಡುತ್ತಿರುವಾಗಲೇ ಸೇರಿಸಿ, ಸೇರಿಸಿದ ಗುರುತು ಸಿಗದಂತೆ ಮಾಡುವವರು ಇವರು. ಇಂಚು ದಪ್ಪದ ತಗಡನ್ನು ಎಂಟು ದಿನದಲ್ಲಿ ಕಲಿಯುತ್ತಾರೆ. ನಮ್ಮಿಂದ ತಮಗೆ ಖರ್ಚಿಲ್ಲ. ಒಂದೇ ಒಂದು ಕೋರಿಕೆ: ಸೂರಮ್ಮನವರಿಗೆ ಗ್ಲೌಸ್ ಕೊಡಬೇಡಿ, ಬೆಳಿಗ್ಗೆ ಒಂದು ಬಕೆಟ್ ಬಿಸಿನೀರು ಕೊಡಿ. ಅಷ್ಟೆಲ್ಲ ಬಾಯ್ಲರ್ ಮಾಡುವ ಜಾಗದಲ್ಲಿ ಒಂದು ಬಕೆಟ್ ಬಿಸಿನೀರು ಸಿಗಬಹುದೆಂದು ನಂಬಿದ್ದೇವೆ.

ಇಷ್ಟಾದರೂ ತಮ್ಮನ್ನು ನಂಬುವ ಅಭ್ಯಾಸ ಬಿಡಲು ಬಾರದ,
ತಮ್ಮ ವಿಶ್ವಾಸಿ,
ಓಬಳೇಶ್
(ಸಂಘದ ಹದಿನಾಲ್ಕು ಸದಸ್ಯೆಯರ ಪರವಾಗಿ. ಹದಿಮೂರು ಹೆಬ್ಬೆಟ್ಟಿನ ಗುರುತು ಮತ್ತು ಶಾಂತಕುಮಾರಿಯವರ ಸಹಿ ಲಗತ್ತಿಸಿದೆ.)

ಮರೆತ ಮಾತು: ಈ ಪತ್ರಕ್ಕೆ ಉತ್ತರ ಬರೆಯುವ ಪಕ್ಷದಲ್ಲಿ ದಯಮಾಡಿ ಗುಂಡು ಮುದ್ರೆ ಹಾಕಿದ ದಿನಾಂಕವನ್ನು ಕಳಿಸಬೇಡಿ, ದೇವರಿಗೆ ಬಿಡಲು ನಮ್ಮಲ್ಲಿ ಇನ್ನೊಂದು ಬಾಯ್ಲರಿಲ್ಲ. ಹೆಬ್ಬೆಟ್ಟುಗಳಲ್ಲಿ ನಾಲ್ಕನೆಯದು ಸೂರಮ್ಮನವರದು. ಮೂವತ್ತೊಂದು ವರ್ಷ ಅವರ ಹೆಬ್ಬೆಟ್ಟಿನಲ್ಲಿ ಗೆರೆಯೇ ಮೂಡುತ್ತಿರಲಿಲ್ಲ, ಬ್ಯಾಂಕಿನವರು ವಾಪಸ್ ಕಳಿಸುತ್ತಿದ್ದರು. ಈ ಸಲ ಎಲ್ಲ ಗೆರೆಯೂ ಚೆನ್ನಾಗಿ ಬಂದಿದೆ. ಅದನ್ನು ನೋಡಿ ಅವರು, ಕೈ ಮರೆಯುತ್ತಿದೆ, ಆ ಸೋಮವಾರ ಬಹಳ ದೂರವಾಯಿತು, ಈ ಶನಿವಾರವೇ ಹೊರಡೋಣ ಎನ್ನುತ್ತಿದ್ದಾರೆ.